ಮೂರು ಚುಕ್ಕೆಗಳ ವಿಚಾರ

ಮಕ್ಕಳ ಬರಹವನ್ನು ತಿದ್ದುವ ಅಭ್ಯಾಸವು ನಿವೃತ್ತನಾದ ಮೇಲೂ ನನ್ನನ್ನು ಬಿಟ್ಟಿಲ್ಲ. ನೆರೆಮನೆಯ ಬಾಲಕರು ತಂದು ತೋರಿಸುವ ಪ್ರಬಂಧಗಳಲ್ಲಿ ಈಚೆಗೆ ಮೂರು ಚುಕ್ಕೆಗಳ ಸಾಲು ಹೇರಳವಾಗಿ ಕಂಡುಬರುತ್ತಿದೆ. “ಜಾತ್ರೆಯಲ್ಲಿ ತೇರು, ಅಂಗಡಿ, ಜನ...” ಎಂದು ಬರೆದು ಲೇಖನಿಯನ್ನು ಕೆಳಗಿಡುವರು. ಮುಂದೇನು ಕಂಡೆಯಪ್ಪಾ ಎಂದರೆ ಉತ್ತರವಿಲ್ಲ. ಚುಕ್ಕೆಗಳ ಹಿಂದೆ ಅಡಗಿರುವುದು ಅರ್ಥವಲ್ಲ, ಆಲಸ್ಯ.

ಈ ಚಿಹ್ನೆಯು ಇಂದಿನ ರೂಪದಲ್ಲಿ ಇಂಗ್ಲಿಷ್ ಮುದ್ರಣದ ಸಂಪರ್ಕದಿಂದ ನಮಗೆ ಬಂದುದಾದರೂ ಅದರ ಹಿಂದಿನ ವಿಚಾರ ನಮಗೆ ಹೊಸದಲ್ಲ. ಹೇಳದೆ ಬಿಟ್ಟ ಪದವನ್ನು ಸಂದರ್ಭದಿಂದ ತುಂಬಿಕೊಳ್ಳುವುದನ್ನು ನಮ್ಮ ಶಾಸ್ತ್ರಕಾರರು ಅಧ್ಯಾಹಾರವೆಂದರು. ೧೧ನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ನ್ಯೂನಪದವನ್ನು, ಎಂದರೆ ಬೇಕಾದ ಪದ ಇಲ್ಲದಿರುವುದನ್ನು, ವಾಕ್ಯದೋಷಗಳಲ್ಲಿ ಎಣಿಸಿ, ಕೆಲವೆಡೆ ಅದೇ ಗುಣವಾಗುವುದೆಂದೂ ಒಪ್ಪಿದನು. ೧೪ನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಆ ಎಡೆ ಯಾವುದೆಂದು ತೋರಿಸಿದನು: ಆನಂದವೇ ಮೊದಲಾದ ಭಾವಗಳಲ್ಲಿ ಮುಳುಗಿದವರ ಮಾತು. ಹೃದಯ ತುಂಬಿ ಮಾತು ಕುಂದಿದರೆ ಗುಣ. ಹೇಳಲು ಏನೂ ಇಲ್ಲದೆ ಕುಂದಿದರೆ ದೋಷ.

ಮಕ್ಕಳಿಗೆ ಎರಡು ನಿಯಮಗಳು ಸಾಕು. ಬಿಟ್ಟುದು ಏನೆಂಬುದು ಬರೆದವನಿಗೆ ತಿಳಿದಿರಬೇಕು. ಓದುವವನು ಅದನ್ನು ಊಹಿಸಲು ಶಕ್ತನಾಗಿರಬೇಕು. ಪರರ ಮಾತನ್ನು ಉದ್ಧರಿಸುವಾಗಲಂತೂ ಇನ್ನೂ ಎಚ್ಚರ ಬೇಕು. “ಮಳೆ ನಿಲ್ಲದಿದ್ದರೆ ನಾಳೆ ಶಾಲೆಗೆ ರಜ” ಎಂಬ ಉಪಾಧ್ಯಾಯರ ಮಾತನ್ನು “... ನಾಳೆ ಶಾಲೆಗೆ ರಜ” ಎಂದು ಬರೆದರೆ ಅದು ಲೋಪವಲ್ಲ, ಸುಳ್ಳು.

ಇಷ್ಟನ್ನು ಬೋಧಿಸುವ ನಾನೇ ಒಮ್ಮೆ ತಪ್ಪಿದೆನು. ಬಹಳ ವರ್ಷಗಳ ಹಿಂದೆ ‘ನಮ್ಮ ಮನೆ’ ಎಂಬ ಪ್ರಬಂಧದಲ್ಲಿ ಹುಡುಗನೊಬ್ಬನು “ಅಡುಗೆಮನೆಯಲ್ಲಿ ಅಮ್ಮ...” ಎಂದು ನಿಲ್ಲಿಸಿದ್ದನು. ‘ಕ್ರಿಯಾಪದವೆಲ್ಲಿ?’ ಎಂದು ಕೆಂಪು ಮಸಿಯಲ್ಲಿ ಬರೆದು ಅಂಕಗಳನ್ನು ಕಳೆದೆನು. ಅವನ ತಾಯಿ ತೀರಿಕೊಂಡು ತಿಂಗಳೂ ಆಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಆ ಕ್ರಿಯಾಪದವು ಭೂತಕಾಲದಲ್ಲಿ ಇರಬೇಕಾಗಿತ್ತು. ಅದನ್ನೇ ಬಾಲಕನು ಬರೆಯಲಾರದೆ ಹೋಗಿದ್ದನು. ವಿಶ್ವನಾಥನನ್ನು ಕಂಠಪಾಠ ಮಾಡಿದ್ದ ನನಗೆ, ಅವನು ಹೇಳಿದ ಗುಣವು ಕಣ್ಣೆದುರಿಗೆ ಬಂದಾಗ ಗುರುತು ಸಿಕ್ಕಲಿಲ್ಲ.

ಜಾತ್ರೆಯ ಹುಡುಗನೂ ಈ ಹುಡುಗನೂ ಕೇಳಿದರೆ ಮೌನವಾಗಿಯೇ ಇರುವರು. ಆದರೆ ಮುಖವನ್ನು ನೋಡಿದರೆ ಭೇದ ತಿಳಿಯುವುದು. ಆದುದರಿಂದ ಮಕ್ಕಳ ಪುಸ್ತಕದಲ್ಲಿ ಚುಕ್ಕೆಗಳನ್ನು ಕಂಡಾಗ ಮನೆಯ ಹಿರಿಯರು ಕೆಂಪು ಮಸಿಯನ್ನು ಬದಿಗಿಟ್ಟು, ಮಗುವನ್ನು ಹತ್ತಿರ ಕರೆದು, ಇಲ್ಲಿ ಏನಿತ್ತು ಎಂದು ಮೆಲ್ಲನೆ ಕೇಳಬೇಕೆಂದು ನನ್ನ ಬಿನ್ನಹ.