ಥೆಸಲೋನಿಕಿಯ ರೋಮನ್ ಬೀದಿ, ಬೈಜಾಂಟೈನ್ ಗುಮ್ಮಟ

ಗ್ರೀಸ್‌ಗೆ ಹೋಗುವ ಪ್ರವಾಸಿಗಳಲ್ಲಿ ಬಹಳ ಮಂದಿ ಅಥೆನ್ಸ್ ನೋಡಿಕೊಂಡು ದ್ವೀಪಗಳತ್ತ ಹೊರಟುಬಿಡುತ್ತಾರೆ. ಉತ್ತರದ ಥೆಸಲೋನಿಕಿ ಅವರ ಲೆಕ್ಕಕ್ಕೇ ಬರುವುದಿಲ್ಲ. ಇದು ದೊಡ್ಡ ನಷ್ಟ. ರೋಮನ್ ಚಕ್ರವರ್ತಿಯ ಕಟ್ಟಡದಿಂದ ಹೊರಟು ಬೈಜಾಂಟೈನ್ ಚರ್ಚುಗಳವರೆಗೆ ಕಾಲ್ನಡಿಗೆಯಲ್ಲೇ ನೋಡಿ ಮುಗಿಸಬಹುದಾದ ಊರುಗಳು ಹೆಚ್ಚಿಲ್ಲ. ಇಲ್ಲಿನ 15 ಸ್ಮಾರಕಗಳು 1988ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಈ ಊರಿನಲ್ಲಿ ನನಗೆ ಬಹಳ ಹಿಡಿಸಿದ್ದು ರೊಟುಂಡಾ. ನಾಲ್ಕನೇ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಗಲೇರಿಯಸ್ ಕಟ್ಟಿಸಿದ ದುಂಡು ಕಟ್ಟಡ. ಗೋಡೆಯ ದಪ್ಪವೇ ಆರು ಮೀಟರಿಗೂ ಹೆಚ್ಚು. ಮುಂದೆ ಚರ್ಚ್ ಆಯಿತು, ಹದಿನಾರನೇ ಶತಮಾನದ ಕೊನೆಗೆ ಮಸೀದಿಯಾಯಿತು. ಗುಮ್ಮಟದ ಬುಡದ ಮೊಸಾಯಿಕ್‌ನಲ್ಲಿ ಚಿನ್ನದ ಬಣ್ಣದ ಅರಮನೆಗಳ ಮುಂದೆ ಹುತಾತ್ಮರು ಕೈಯೆತ್ತಿ ಪ್ರಾರ್ಥಿಸುತ್ತ ನಿಂತಿದ್ದಾರೆ. ಪ್ರತಿಯೊಬ್ಬರ ಪಕ್ಕದಲ್ಲೂ ಹೆಸರು, ಕಸುಬು, ಹಬ್ಬದ ತಿಂಗಳು: ಒಬ್ಬ ಸೈನಿಕ, ಒಬ್ಬ ವೈದ್ಯ, ಒಬ್ಬ ಕೊಳಲು ನುಡಿಸುವವ. ಸಂತರನ್ನು ಅವರವರ ದುಡಿಮೆಯ ಸಮೇತ ನೆನೆಯುವ ಈ ರೀತಿ ಎಷ್ಟು ಚೆಂದ! 1978ರ ಭೂಕಂಪದಲ್ಲಿ ಬಿರುಕುಬಿಟ್ಟ ಕಟ್ಟಡವನ್ನು ದಶಕಗಳ ಕಾಲ ತಾಳ್ಮೆಯಿಂದ ದುರಸ್ತಿ ಮಾಡಿದರು. ಊರಿನ ಉಳಿದ ಮಿನಾರುಗಳು ಹೋದರೂ ಇದರ ಮಿನಾರನ್ನು ಉಳಿಸಿಕೊಂಡದ್ದು ಅತ್ಯಂತ ಸರಿಯಾದ ತೀರ್ಮಾನ. ಒಂದು ಕಾಲವನ್ನು ತೋರಿಸಲು ಇನ್ನೊಂದನ್ನು ಅಳಿಸಿದ್ದರೆ ಈ ಕಟ್ಟಡದ ಅರ್ಧ ಕಥೆಯೇ ಇಲ್ಲವಾಗುತ್ತಿತ್ತು.

ಹತ್ತಿರದಲ್ಲೇ ಗಲೇರಿಯಸ್‌ನ ಕಮಾನು. ಪರ್ಷಿಯನ್ನರ ಮೇಲಿನ ಗೆಲುವಿನ ಕೆತ್ತನೆಗಳ ಕೆಳಗೆ ಕಾಲೇಜು ಹುಡುಗರು ಗೆಳೆಯರಿಗಾಗಿ ಕಾಯುತ್ತಿರುತ್ತಾರೆ. ಸಂತ ದಿಮಿತ್ರಿಯ ಬೆಸಿಲಿಕಾ 1917ರ ಬೆಂಕಿಯಲ್ಲಿ ಸುಟ್ಟು, ಮತ್ತೆ ಎದ್ದು ನಿಂತದ್ದು. ಅಲ್ಲಿ ಹಳೆಯ ಮೊಸಾಯಿಕ್‌ಗಳನ್ನು ಹುಡುಕಿ ನೋಡಬೇಕು.

ನನ್ನ ತಕರಾರಿರುವುದು ವೆನಿಜೆಲು ಮೆಟ್ರೊ ನಿಲ್ದಾಣದ ಬಗ್ಗೆ. ನಿಲ್ದಾಣಕ್ಕಾಗಿ ಅಗೆಯುವಾಗ ಅಲ್ಲಿ ಅಮೃತಶಿಲೆ ಹಾಸಿದ ಹಳೆಯ ರಾಜಬೀದಿ, ಅಂಗಡಿ ಸಾಲುಗಳ ಸಮೇತ ಸಿಕ್ಕಿತು. ಇದ್ದಲ್ಲೇ ಬಿಡಿ ಎಂದು ಪುರಾತತ್ವಜ್ಞರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಕಲ್ಲುಗಳನ್ನು ಬಿಚ್ಚಿ ತೆಗೆದು, ನಿಲ್ದಾಣ ಕಟ್ಟಿದ ಮೇಲೆ ಮತ್ತೆ ಜೋಡಿಸಿದರು; 2024ರ ನವೆಂಬರ್ 30ರಂದು ಮೆಟ್ರೊ ಓಡತೊಡಗಿತು. ದಿನವೂ ಓಡಾಡುವ ಜನರ ಕಣ್ಣಿಗೆ ಈ ಬೀದಿ ಬೀಳುತ್ತದೆ ಎಂಬುದು ನಿಜ, ಅದು ಸಣ್ಣ ಲಾಭವಲ್ಲ. ಆದರೆ ಬಿಚ್ಚಿ ಜೋಡಿಸಿದ ನೆಲ ಕದಲದ ನೆಲಕ್ಕೆ ಸಮವಲ್ಲ. ಕಲ್ಲು ವಾಪಸು ಬಂದರೂ ಅದರಡಿಯ ಮಣ್ಣಿನ ಪದರಗಳು ವಾಪಸು ಬರುವುದಿಲ್ಲ.

ಹೋಗುವವರಿಗೆ ನನ್ನದೊಂದು ಕೋರಿಕೆ. ಸಮುದ್ರದ ದಂಡೆಯಲ್ಲೇ ಸಂಜೆ ಕಳೆಯಬೇಡಿ. ಬೆಳಿಗ್ಗೆಯೇ ಮೇಲೂರಿನ ಏರು ಹತ್ತಿ ಓಸಿಯೊಸ್ ದಾವಿದ್ ಎಂಬ ಪುಟ್ಟ ಚರ್ಚಿಗೆ ಹೋಗಿ. ಗಾರೆಯಡಿ ಮುಚ್ಚಿಹೋಗಿದ್ದು 1921ರಲ್ಲಿ ಬೆಳಕಿಗೆ ಬಂದ ಗಡ್ಡವಿಲ್ಲದ ಎಳೆಯ ಕ್ರಿಸ್ತ, ಅವನ ಕಾಲಡಿಯ ನದಿಯಲ್ಲಿ ಮೀನುಗಳು, ಅಲ್ಲಿವೆ. ಇಡೀ ಊರಿನಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಅದನ್ನೇ ನೋಡಿ.