ಒಂದೆಳೆಯೂ ಹೊರಗುಳಿಯದ ಹಾಗೆ

ನಿಡಸೋಸಿಯ ದುರದುಂಡೀಶ್ವರ ಮಠಕ್ಕೆ ಹೋದಾಗಲೆಲ್ಲ ಊರೊಳಗೆ ಒಬ್ಬ ಹಿರಿಯರ ಮನೆಯಲ್ಲಿ ಕೂತು ಹಾಡು ಕೇಳಿ ಬರುವುದು ನನ್ನ ರೂಢಿ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮರ ಶ್ರೀಕೃಷ್ಣ ಪಾರಿಜಾತದಾಟದ ಹಾಡು ಕೇಳಿದ ಸೀಮೆಯಿದು, ಕಿವಿ ಸೂಕ್ಷ್ಮ. ಆದರೆ ಕಳೆದ ಸಲ ನಾನು ಮರುಳಾದದ್ದು ಹಾಡಿಗಲ್ಲ, ಆ ಹಿರಿಯರು ಸ್ಪೀಕರಿಗೆ ವೈರು ಜೋಡಿಸಿದ ರೀತಿಗೆ.

ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಟ್ಟರು. ತಾಮ್ರಕ್ಕೆ ಬ್ಲೇಡು ತಾಗದಂತೆ ತುದಿಯ ಪ್ಲಾಸ್ಟಿಕ್ಕನ್ನು 1 ಸೆಂಟಿಮೀಟರಿನಷ್ಟೇ ಸುಲಿದರು. ಕೂದಲಿನಂಥ ಎಳೆಗಳನ್ನು ಎರಡು ಬೆರಳ ನಡುವೆ ಹಿಡಿದು, ದೀಪದ ಬತ್ತಿ ಹೊಸೆದಂತೆ ಹೊಸೆದರು. ಒಂದೆಳೆ ಮುಳ್ಳಿನ ಹಾಗೆ ಹೊರಗೆ ನಿಂತಿತ್ತು. ನನಗೆ ಕಾಣಲೇ ಇಲ್ಲ. ಕನ್ನಡಕ ಏರಿಸಿ, "ಇದೊಂದ ಸಾಕ್ ನೋಡ್ರಿ, ಆಂಪ್ಲಿಫೈಯರ್ ಸುಡಾಕ" ಎಂದು ಬಿಚ್ಚಿ ಮತ್ತೆ ಹೊಸೆದರು.

ಸುಳ್ಳಲ್ಲ. 8 ಓಮ್ ಸ್ಪೀಕರಿಗೆ 50 ವ್ಯಾಟ್ ಹೋಗುವಾಗ ಹರಿಯುವುದು ಎರಡೂವರೆ ಆಂಪಿಯರ್. ಆ ಎಳೆ ಕೆಂಪು, ಕಪ್ಪು ಎರಡೂ ಟರ್ಮಿನಲ್ ಮುಟ್ಟಿತೋ, ತಡೆಯೇ ಇಲ್ಲದೆ ಕರೆಂಟು ನುಗ್ಗುತ್ತದೆ. ಫ್ಯೂಸು ಕಾಯದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋದಂತೆಯೇ. ನನ್ನ ಹಳೆಯ ಆಂಪ್ಲಿಫೈಯರ್ ಹೀಗೇ ಸುಟ್ಟ ವಾಸನೆ ಬಿಟ್ಟು ತಣ್ಣಗಾಗಿತ್ತು. ತಪ್ಪು ನನ್ನ ಸೋಮಾರಿತನದ್ದು.

ಹೊಸೆದ ತುದಿಯನ್ನು ಟರ್ಮಿನಲ್ಲಿಗೆ ಬಿಗಿದ ಮೇಲೆ ಹಿರಿಯರು ವೈರನ್ನು ಮೆಲ್ಲಗೆ ಜಗ್ಗಿದರು, ಎಮ್ಮೆಯ ಕಣ್ಣಿ ಗಟ್ಟಿಯಿದೆಯೇ ಎಂದು ನೋಡುವ ಹಾಗೆ. ವಾಲ್ಯೂಮನ್ನು ಸೊನ್ನೆಗಿಳಿಸಿ ಸ್ವಿಚ್ ಹಾಕಿದರು. ತುಸುತುಸುವೇ ಏರಿಸಿದಾಗ ಮೊದಲು ಕೇಳಿದ್ದು ಶ್ರುತಿ ಹಿಡಿದ ಹಾರ್ಮೋನಿಯಂ.