ಸ್ಟಾರ್ಟರ್ ಯಾವ್ದು ಹಾಕ್ಸಿದ್ದೆ?

2022ರ ದೀಪಾವಳಿಗೆ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ ಅಕ್ಕನ ಮಗ ಮೊಬೈಲ್ ಹಿಡಿದು ಬಂದ. "ಮಾವ, 45 ಸಾವಿರಕ್ಕೆ ಗೇಮಿಂಗ್ ಪಿಸಿ ಆಗುತ್ತಂತೆ, ಲಿಸ್ಟ್ ನೋಡು. ಅಮ್ಮಂಗೆ ನೀನೇ ಹೇಳ್ಬೇಕು." ಅವನು ಆಗಷ್ಟೇ ಇಂಜಿನಿಯರಿಂಗ್ ಸೇರಿದ್ದ, ಮನೆಯಿಂದಲೇ ಓಡಾಡುತ್ತಿದ್ದ. ಅಕ್ಕ ಕೊಬ್ಬರಿ ಮಾರಿದ ದುಡ್ಡಲ್ಲಿ 50 ಸಾವಿರ ಎತ್ತಿಟ್ಟಿದ್ದಳು. ಅವಳದು ಒಂದೇ ಪ್ರಶ್ನೆ: "ನಾಲ್ಕು ವರ್ಷ ಬರುತ್ತೇನೋ?"

ಈ 'ಬಜೆಟ್ ಬಿಲ್ಡ್' ಪಟ್ಟಿಗಳನ್ನು ನಾನೂ ಹತ್ತು ವರ್ಷದಿಂದ ನೋಡ್ತಾ ಬಂದಿದ್ದೀನಿ. ಅವುಗಳ ಉಪಕಾರ ಮರೆಯಬಾರದು. ಎಸ್‌.ಪಿ. ರೋಡಿನ ಅಂಗಡಿಯಲ್ಲಿ ನಿಂತು ತೊದಲುವ ಹುಡುಗನಿಗೆ ನಾಲ್ಕು ಮಾತು ಕೇಳುವ ಧೈರ್ಯ ಕೊಟ್ಟಿದ್ದು ಅವೇ. ಆದರೆ ಅಕ್ಕನ ಪ್ರಶ್ನೆ ಇಟ್ಟುಕೊಂಡು ಓದಿದರೆ ಅವು ಬೇರೆಯೇ ಥರ ಕಾಣುತ್ತವೆ.

ಮೊದಲು ಲೆಕ್ಕ. ಆ 45 ಸಾವಿರದಲ್ಲಿ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಯುಪಿಎಸ್ ಅಂತೂ ಕೇಳಲೇ ಬೇಡಿ. ಪಟ್ಟಿ ಬರೆದವರ ಮೇಜಿನ ಮೇಲೆ ಅವೆಲ್ಲ ಮೊದಲೇ ಇರುತ್ತವೆ. ಮೊದಲ ಕಂಪ್ಯೂಟರ್ ಕೊಳ್ಳುವವನ ಮನೆಯಲ್ಲಿ ಇರಲ್ಲ. ಮನೆ ಕಟ್ಟೋ ಖರ್ಚು ಹೇಳಿ ಬಾಗಿಲು, ಕಿಟಕಿ ಬಿಟ್ಟ ಹಾಗೆ ಇದು.

ಎರಡನೆಯದು ಭಾಗಗಳ ಜೋಡಿ. ಪಟ್ಟಿಯಲ್ಲಿದ್ದದ್ದು ಐ3-10100ಎಫ್ ಪ್ರೊಸೆಸರ್, ಜೊತೆಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್. ಎರಡೂ ಬಿಡಿಬಿಡಿಯಾಗಿ ಅಗ್ಗವೇ. ಆದರೆ ಆ ಕಾರ್ಡು ಮದರ್‌ಬೋರ್ಡಿನ ಜೊತೆ ಮಾತಾಡೋದು ನಾಲ್ಕೇ ಲೇನ್‌ಗಳಲ್ಲಿ. ಪಿಸಿಐಇ 4.0 ಇರುವ ಬೋರ್ಡಿನಲ್ಲಿ ಹೇಗೋ ನಡೆಯುತ್ತೆ. ಈ ಐ3 ಕೊಡೋದು 3.0 ಮಾತ್ರ, ಅಂದರೆ ದಾರಿ ಅರ್ಧಕ್ಕೆ ಇಳಿಯಿತು. ಕಾರ್ಡಿನ ಮೆಮೊರಿ ಬರೀ 4 ಜಿಬಿ. ಅದು ತುಂಬಿದಾಗ ಡೇಟಾ ಓಡಾಡಬೇಕಾದದ್ದು ಇದೇ ಇಕ್ಕಟ್ಟಿನ ದಾರಿಯಲ್ಲಿ, ಆಗ ಆಟ ಮುಗ್ಗರಿಸುತ್ತೆ. ಮೇಲಾಗಿ ಹೆಸರಿನ ಕೊನೆಯ 'ಎಫ್' ಅಂದರೆ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ ಅಂತ. ಪರೀಕ್ಷೆ ಟೈಮಲ್ಲಿ ಕಾರ್ಡ್ ಕೆಟ್ಟರೆ ಗೇಮ್ ಹಾಳಾಗಲಿ, ಪರದೆಯೇ ಬರಲ್ಲ. ಬೆಂಗಳೂರಿನಲ್ಲಿ ಇದು ಒಂದು ದಿನದ ಕಿರಿಕಿರಿ. ನಮ್ಮೂರಿಗೆ ಹದಿನೈದು ದಿನದ್ದು.

ಮೂರನೆಯದೇ ನನಗೆ ಜಾಸ್ತಿ ಸಿಟ್ಟು ತರಿಸೋದು. ಎಸ್‌ಎಂಪಿಎಸ್ ಪಟ್ಟಿಯ ಕೊನೇ ಸಾಲಿನಲ್ಲಿತ್ತು, ಕಂಪನಿ ಹೆಸರೂ ಇಲ್ಲದೆ: '450 ವ್ಯಾಟ್, ಯಾವುದಾದರೂ ಸರಿ.'

ಯಾವುದಾದರೂ ಸರಿ ಅಂತ 2012ರಲ್ಲಿ ನಾನೂ ಅಂದುಕೊಂಡಿದ್ದೆ. ಮೊದಲ ಕೆಲಸ, ಮೊದಲ ಪಿಸಿ. ದುಡ್ಡೆಲ್ಲ ಕಾರ್ಡಿಗೆ ಸುರಿದು, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್‌ನಲ್ಲೇ ಓಡಿಸಿದೆ. ಹಬ್ಬಕ್ಕೆ ಊರಿಗೆ ಹೊತ್ತೊಯ್ದಿದ್ದಾಗ ಕರೆಂಟ್ ಹೋಗಿ ಬಂತು, ಟಪ್ ಅಂತ ಸದ್ದಾಯ್ತು, ಸುಟ್ಟ ವಾಸನೆ ಬಂತು. ಅದು ಹೋಗುವಾಗ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರಕೊಂಡು ಹೋಯ್ತು. ಅಪ್ಪ ಬಾಗಿಲಲ್ಲೇ ನಿಂತು ನೋಡಿ, "ಸ್ಟಾರ್ಟರ್ ಯಾವ್ದು ಹಾಕ್ಸಿದ್ದೆ?" ಅಂದರು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಆದರೆ ಒಂದು ಫೇಸ್ ಹೋದ ರಾತ್ರಿ ಬೋರ್‌ವೆಲ್ ಮೋಟ್ರು ಹೇಗೆ ಸುಡುತ್ತೆ, ಒಳ್ಳೇ ಸ್ಟಾರ್ಟರ್ ಅದನ್ನು ಹೇಗೆ ಉಳಿಸುತ್ತೆ ಅನ್ನೋದು ಗೊತ್ತಿತ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾನು ಆ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಿರಲಿಲ್ಲ.

ಹಾಗಂತ ಜಾಸ್ತಿ ವ್ಯಾಟ್ ತಗೊಳ್ಳಿ ಅಂತಲ್ಲ. ಇದು ಆ ಪಟ್ಟಿಗಳ ಇನ್ನೊಂದು ಅತಿ. 65 ವ್ಯಾಟಿನ ಪ್ರೊಸೆಸರ್, 132 ವ್ಯಾಟಿನ ಆರ್‌ಎಕ್ಸ್ 6600 ಕಾರ್ಡ್ ಎರಡೂ ಸೇರಿದರೂ 200 ದಾಟಲ್ಲ. ಒಳ್ಳೆಯ 450 ಸಾಕು, 750 ಬೇಡ. '80 ಪ್ಲಸ್' ಚೀಟಿ ನೋಡಿಯೂ ಮರುಳಾಗಬಾರದು. ಅದು ಕರೆಂಟ್ ಎಷ್ಟು ಪೋಲಾಗುತ್ತೆ ಅಂತ ಹೇಳುತ್ತೆ, ಏರಿಳಿತ ಬಂದಾಗ ಕಾಯುತ್ತೆ ಅಂತ ಹೇಳಲ್ಲ. ಅದಕ್ಕೆ ವಾರಂಟಿ ಎಷ್ಟು ವರ್ಷ, ಓವರ್‌ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯಾ ಅಂತ ನೋಡಬೇಕು.

ಕೊನೆಗೆ ನಾವು ತಂದದ್ದು ರೈಝನ್ 5 5600ಜಿ. ಆರು ಕೋರ್, ಗ್ರಾಫಿಕ್ಸ್ ಒಳಗೇ ಇದೆ. ಅದಕ್ಕೆ ಬೇರೆ ಮೆಮೊರಿ ಇಲ್ಲ, ರ್ಯಾಮ್‌ನಲ್ಲೇ ಪಾಲು. ಹಾಗಾಗಿ 16 ಜಿಬಿಯ ಒಂದು ಕಡ್ಡಿ ಬಿಟ್ಟು 8ರ ಎರಡು ಹಾಕಿದೆವು. ಒಳ್ಳೆಯ ಎಸ್‌ಎಂಪಿಎಸ್, ಮಾನಿಟರ್, ಯುಪಿಎಸ್ ಎಲ್ಲಾ ಸೇರಿ 50 ಸಾವಿರದ ಒಳಗೇ ಮುಗೀತು. ಇದರಲ್ಲೂ ಕೊರತೆ ಇದೆ. ಈ ಚಿಪ್ಪಿನ ಕ್ಯಾಶೆ 5600ರ ಅರ್ಧ, ಇದೂ ಪಿಸಿಐಇ 3.0ಗೇ ನಿಲ್ಲುತ್ತೆ. ಆದರೆ 6600ಕ್ಕೆ ಎಂಟು ಲೇನ್ ಇವೆ, ನಾಳೆ ಅದನ್ನು ಹಾಕಿದರೆ ಪೆಟ್ಟು ಅಷ್ಟು ಬೀಳಲ್ಲ.

ಹುಡುಗ ಒಂದು ವಾರ ಮುಖ ಊದಿಸಿಕೊಂಡಿದ್ದ. ವ್ಯಾಲೊರಂಟ್ ಸಲೀಸಾಗಿ ಓಡಿತು, ಜಿಟಿಎ 5 ಸೆಟ್ಟಿಂಗ್ ಇಳಿಸಿ ಓಡಿತು, ಸೈಬರ್‌ಪಂಕ್ ಆಸೆ ಬಿಡಬೇಕಾಯ್ತು. ಗೆಳೆಯನ ಪಿಸಿಯಲ್ಲಿ ಇದಕ್ಕಿಂತ ಜಾಸ್ತಿ ಫ್ರೇಮ್ ಬರುತ್ತೆ ಅಂತ ಸ್ಕ್ರೀನ್‌ಶಾಟ್ ಕಳಿಸಿದ. ಅವನ ಬೇಸರ ಸುಳ್ಳಲ್ಲ. ಆಟ ಆಡಬೇಕು ಅಂತ ಕಂಪ್ಯೂಟರ್ ಕೇಳಿದವನಿಗೆ ನಾನು ಕೊಟ್ಟಿದ್ದು ಬಾಳಿಕೆ. ಎರಡು ವರ್ಷ ಆದಮೇಲೆ ಅವನೇ ಕೂಡಿಟ್ಟ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ 6600 ತಂದು ಹಾಕಿಕೊಂಡ. ಬೇರೇನೂ ಬದಲಿಸಬೇಕಾಗಲಿಲ್ಲ.

ಈಗ ಅವನ ಕಾಲೇಜಿನವರೆಲ್ಲ ಪಿಸಿ ಲಿಸ್ಟಿಗೆ ಅವನನ್ನೇ ಹಿಡಿಯುತ್ತಾರಂತೆ. ಮೊನ್ನೆ ಒಂದನ್ನು ನನಗೂ ಕಳಿಸಿದ್ದ. ಕಾರ್ಡಿನ ಹೆಸರು ನಾಲ್ಕನೇ ಸಾಲಿನಲ್ಲಿತ್ತು. ಮೊದಲನೇ ಸಾಲು: 'ಮನೇಲಿ ಅರ್ಥಿಂಗ್ ಸರಿ ಇದೆಯಾ, ಎಲೆಕ್ಟ್ರಿಷಿಯನ್ ಕರೆಸಿ ನೋಡು.'